ಚಿಕ್ಕ ಗುಂಡಿನ ದೊಡ್ಡ ಚರಿತ್ರೆ

ಕೋವಿಯ ವಿಷಯದಲ್ಲಿ ಕುತೂಹಲವುಳ್ಳ ತರುಣರು ನಮ್ಮ ಕಂಬಂ ಕಣಿವೆಯ ಕನ್ನಡಿಗರಲ್ಲಿಯೂ ಇಲ್ಲದಿಲ್ಲ. ‘ಮ್ಯಾಗ್ನಂ’ ಎಂಬ ಶಬ್ದವು ಅವರ ನಾಲಗೆಯ ಮೇಲೆ ಮಂತ್ರದಂತೆ ನಲಿಯುತ್ತಿರುತ್ತದೆ. ಅದರಲ್ಲಿಯೂ ಸಣ್ಣ ಬೋರಿನ ಮ್ಯಾಗ್ನಂ ರಿವಾಲ್ವರು ಮತ್ತು ರೈಫಲುಗಳೆಂದರೆ ಅವರಿಗೆ ಎಲ್ಲಿಲ್ಲದ ಅಭಿಮಾನ. ಈ ಅಭಿಮಾನವನ್ನು ಹುಡುಗಾಟವೆಂದು ತಳ್ಳಿಹಾಕುವುದಕ್ಕಿಂತ, ಅದರ ಹಿಂದಿರುವ ಚರಿತ್ರೆಯನ್ನು ಅವರ ಮುಂದಿಡುವುದೇ ಮೇಲೆಂದು ನಾವು ಭಾವಿಸುತ್ತೇವೆ. ಆ ಚರಿತ್ರೆಯ ಕೆಲವು ಪುಟಗಳು ನಮ್ಮ ದಿಂಡಿಗಲ್ಲಿನಲ್ಲಿಯೇ ಬರೆಯಲ್ಪಟ್ಟಿವೆಯೆಂಬುದನ್ನು ಬಲ್ಲವರು ಕಡಮೆ.

ದಿಂಡಿಗಲ್ಲಿನ ಬಂಡೆಯ ಮೇಲಣ ಕೋಟೆಯು ಮಧುರೆಯ ನಾಯಕರ ಕಾಲದ್ದು. ೧೬೦೫ರಲ್ಲಿ ಮುತ್ತುಕೃಷ್ಣಪ್ಪ ನಾಯಕನು ಕಟ್ಟಿಸಿದುದು. ಮುಂದೆ ಅದು ಮೈಸೂರಿನ ವಶವಾಯಿತು. ೧೭೫೫ರಲ್ಲಿ ಹೈದರಾಲಿಯು ಇಲ್ಲಿಗೆ ಫೌಜುದಾರನಾಗಿ ಬಂದನು. ಸುತ್ತಣ ಪಾಳೆಯಗಾರರನ್ನು ಅಡಗಿಸಿದುದು ಅವನ ಮೊದಲ ಕಾರ್ಯ; ಆದರೆ ಅದಕ್ಕಿಂತ ಮಹತ್ತಾದ ಕಾರ್ಯವೊಂದನ್ನು ಅವನು ಇಲ್ಲಿ ಮಾಡಿದನು. ಫ್ರೆಂಚರ ಸಹಾಯದಿಂದ ಕುಶಲ ಕರ್ಮಿಗಳನ್ನು ಕರೆಯಿಸಿ, ಒಂದು ಶಸ್ತ್ರಾಗಾರವನ್ನೂ ಕ್ರಮಬದ್ಧವಾದ ತೋಪುಖಾನೆಯನ್ನೂ ಏರ್ಪಡಿಸಿದನು. ಮುಂದೆ ಇಂಗ್ಲಿಷರನ್ನು ನಡುಗಿಸಿದ ಮೈಸೂರಿನ ತೋಪುಗಳ ಪ್ರಥಮ ಪಾಠವು ಹೀಗೆ ದಿಂಡಿಗಲ್ಲಿನಲ್ಲಿ ನಡೆಯಿತು. ಆಯುಧದ ಬಲವು ಅದರ ಗಾತ್ರದಲ್ಲಿಲ್ಲ, ಅದನ್ನು ಮಾಡುವ ಕೈಯ ನೈಪುಣ್ಯದಲ್ಲಿದೆ ಎಂಬುದೇ ಆ ಪಾಠದ ತಿರುಳು.

೧೭೯೦ರಲ್ಲಿ ಕೋಟೆಯು ಇಂಗ್ಲಿಷರ ಕೈಸೇರಿತು. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಪ್ರಾಂತವೂ ಅವರದಾಯಿತು. ಪಾಳೆಯಗಾರರು ಸುಮ್ಮನಿರಲಿಲ್ಲ. ವಿರೂಪಾಕ್ಷಿಯ ಗೋಪಾಲ ನಾಯಕನು ಒಕ್ಕೂಟ ಕಟ್ಟಿ ಹೋರಾಡಿ, ೧೮೦೧ರಲ್ಲಿ ಗಲ್ಲಿಗೇರಿದನು. ಅದೇ ವರ್ಷದ ಡಿಸೆಂಬರ್ ೧ರಂದು ಮದರಾಸಿನ ಗವರ್ನರ್ ಎಡ್ವರ್ಡ್ ಕ್ಲೈವನು ಒಂದು ಘೋಷಣೆಯನ್ನು ಹೊರಡಿಸಿ, ದಕ್ಷಿಣದ ಸೀಮೆಗಳ ಜನರು ಬತ್ತಿಕೋವಿ, ಈಟಿ ಮೊದಲಾದ ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು ವಿಧಿಸಿದನು. ೧೮೭೮ರ ಆಯುಧ ಕಾಯಿದೆಯು ಇಡೀ ದೇಶಕ್ಕೆ ಇಂಥ ಬೀಗವನ್ನೇ ಜಡಿಯಿತು.

ಇತ್ತ ಜನರ ಕೈಯಿಂದ ಕೋವಿ ಜಾರುತ್ತಿದ್ದಾಗಲೇ, ಅತ್ತ ಯೂರೋಪಿನಲ್ಲಿ ಕೋವಿಯ ಗುಂಡು ಕಿರಿದಾಗುತ್ತ ನಡೆದಿತ್ತು. ೧೮೫೩ರ ಎನ್‌ಫೀಲ್ಡ್ ಕೋವಿಯ ನಳಿಗೆಯ ವ್ಯಾಸ .೫೭೭ ಅಂಗುಲ. ೧೮೭೧ರ ಮಾರ್ಟಿನಿ-ಹೆನ್ರಿಯದು .೪೫೦. ೧೮೮೮ರ ಲೀ-ಮೆಟ್‌ಫರ್ಡಿನದು .೩೦೩. ಮೂವತ್ತೈದು ವರ್ಷಗಳಲ್ಲಿ ವ್ಯಾಸವು ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಈ ಬದಲಾವಣೆಗೆ ನೆರವಾದುದು ೧೮೮೪ರಲ್ಲಿ ಪಾಲ್ ವಿಯೆಲ್ ಎಂಬ ಫ್ರೆಂಚ್ ರಸಾಯನಜ್ಞನು ಕಂಡುಹಿಡಿದ ಹೊಗೆಯಿಲ್ಲದ ಮದ್ದು. ಗುಂಡಿನ ಶಕ್ತಿಯು ಅದರ ತೂಕಕ್ಕೆ ಅನುಸಾರವಾಗಿ ಹೆಚ್ಚಿದರೆ, ವೇಗದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. ಎಂದರೆ ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಚಿಕ್ಕ ಗುಂಡಿನ ಅಭಿಮಾನಿಗಳ ವಾದವೆಲ್ಲವೂ ಈ ಒಂದು ಸೂತ್ರದಲ್ಲಿ ಅಡಗಿದೆ.

‘ಮ್ಯಾಗ್ನಂ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ದೊಡ್ಡದು ಎಂದರ್ಥ. ಎರಡು ಬಾಟಲಿಯಷ್ಟು ದ್ರಾಕ್ಷಾರಸ ಹಿಡಿಯುವ ದೊಡ್ಡ ಬಾಟಲಿಗೆ ಆ ಹೆಸರುಂಟು. ಹೆಚ್ಚು ಮದ್ದು ಹಿಡಿಯುವ ತೋಟೆಗೂ ಅದೇ ಹೆಸರಾಯಿತು. ೧೯೩೫ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ನಿನವರು .೩೫೭ ಮ್ಯಾಗ್ನಂ ರಿವಾಲ್ವರನ್ನು ಹೊರತಂದರು. ಅದರ ತೋಟೆಯನ್ನು ಹಳೆಯ .೩೮ ಸ್ಪೆಷಲ್ ತೋಟೆಗಿಂತ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಉದ್ದ ಮಾಡಿದರು. ಉದ್ದ ಮಾಡಿದುದು ಹಳೆಯ ರಿವಾಲ್ವರಿನೊಳಗೆ ಅದು ಹೋಗದಿರಲೆಂದು. ಹೋದರೆ ಒತ್ತಡವನ್ನು ತಾಳದೆ ಕೋವಿಯೇ ಸೀಳಿಹೋಗುವ ಭಯ. ೧೯೫೯ರಲ್ಲಿ .೨೨ ವಿಂಚೆಸ್ಟರ್ ಮ್ಯಾಗ್ನಂ ಬಂದಿತು. ೪೦ ಗ್ರೇನ್ ತೂಕದ ಸೀಸದ ಗುಂಡು ಸಾಧಾರಣ .೨೨ ರೈಫಲಿನಿಂದ ಸೆಕೆಂಡಿಗೆ ಸುಮಾರು ೧,೨೦೦ ಅಡಿ ವೇಗದಲ್ಲಿ ಹೊರಟರೆ, ಅಷ್ಟೇ ತೂಕದ ಮ್ಯಾಗ್ನಂ ಗುಂಡು ಸುಮಾರು ೧,೯೦೦ ಅಡಿ ವೇಗದಲ್ಲಿ ಹೊರಡುತ್ತದೆ. ಮೇಲಿನ ಸೂತ್ರದಂತೆ ಲೆಕ್ಕ ಹಾಕಿದರೆ ಶಕ್ತಿ ಎರಡೂವರೆ ಪಾಲು.

ಅತ್ಯಂತ ಸ್ವಾರಸ್ಯವಾದುದು .೩೨ರ ವಂಶಾವಳಿ. ೧೮೯೬ರ .೩೨ ಲಾಂಗ್ ಸೌಮ್ಯವಾದ ತೋಟೆ. ೧೯೮೪ರಲ್ಲಿ ಅದನ್ನು ಉದ್ದ ಮಾಡಿ .೩೨ ಮ್ಯಾಗ್ನಂ ಮಾಡಿದರು. ೨೦೦೮ರ ಹೊತ್ತಿಗೆ ಮತ್ತೂ ಉದ್ದ ಮಾಡಿ.೩೨೭ ಫೆಡರಲ್ ಮ್ಯಾಗ್ನಂ ಮಾಡಿದರು. ಅಜ್ಜನ ಒತ್ತಡ ಚದರ ಅಂಗುಲಕ್ಕೆ ೧೫,೦೦೦ ಪೌಂಡಿನ ಮಿತಿಯಲ್ಲಿದ್ದರೆ ಮೊಮ್ಮಗನದು ೪೫,೦೦೦. ಒಂದೇ ಗಾತ್ರದ ರಿವಾಲ್ವರಿನಲ್ಲಿ .೩೫೭ರ ತೋಟೆಗಳು ಐದು ಹಿಡಿದರೆ .೩೨೭ರವು ಆರು ಹಿಡಿಯುತ್ತವೆ. ಹಿಂದಕ್ಕೆ ಒದೆಯುವುದೂ ಕಡಮೆ. ಅಭ್ಯಾಸಕ್ಕೆ ಅದೇ ಕೋವಿಯಲ್ಲಿ ಹಳೆಯ.೩೨ ತೋಟೆಗಳನ್ನೂ ಹಾರಿಸಬಹುದು. ಅಭಿಮಾನಿಗಳು ಇದನ್ನು ಮೆಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಲ್ಲೊಂದು ಭೇದವನ್ನು ಗಮನಿಸಬೇಕು. ಅಮೆರಿಕದವನು ಸಣ್ಣ ಬೋರನ್ನು ತನ್ನ ಇಷ್ಟದಿಂದ ಆರಿಸಿಕೊಂಡನು. ನಮಗೆ ಅದನ್ನು ಕಾಯಿದೆಯು ಆರಿಸಿಕೊಟ್ಟಿತು. ಸೈನ್ಯದ ಮದ್ದುಗುಂಡು ಪ್ರಜೆಗಳ ಕೋವಿಗೆ ಹೊಂದಬಾರದೆಂದು ಆಂಗ್ಲ ಸರಕಾರವು ೨೦ನೆಯ ಶತಮಾನದ ಮೊದಲ ದಶಕದಲ್ಲಿ .೪೫೦ ಬೋರಿನ ತೋಟೆಗಳು ಭಾರತಕ್ಕೆ ಬಾರದಂತೆ ತಡೆಯಿತು. ಸ್ವತಂತ್ರ ಭಾರತದ ೧೯೫೯ರ ಆಯುಧ ಕಾಯಿದೆ ಮತ್ತು ೧೯೬೨ರ ನಿಯಮಗಳಲ್ಲಿಯೂ ಆ ನೀತಿಯೇ ಉಳಿಯಿತು: .೩೦೩ ರೈಫಲು, .೩೮೦ ಮತ್ತು .೪೫೫ ರಿವಾಲ್ವರು, ಸೈನ್ಯದ ೯ ಮಿಲಿಮೀಟರ್ ಪಿಸ್ತೂಲು ಇವೆಲ್ಲ ನಿಷಿದ್ಧ ಬೋರುಗಳಾದವು. ಆದುದರಿಂದಲೇ ನಮ್ಮ ಸರಕಾರಿ ಕಾರ್ಖಾನೆಗಳು ಪ್ರಜೆಗಳಿಗಾಗಿ .೩೧೫ ರೈಫಲನ್ನೂ .೩೨ ರಿವಾಲ್ವರನ್ನೂ ತಯಾರಿಸಿದವು. ಕಾನ್ಪುರದಲ್ಲಿ ೨೦೧೪ರಲ್ಲಿ ಸ್ತ್ರೀಯರ ರಕ್ಷಣೆಗೆಂದು ಹೊರಬಂದ, ಸುಮಾರು ೫೦೦ ಗ್ರಾಂ ತೂಕದ ‘ನಿರ್ಭೀಕ್’ ಕೂಡ .೩೨ ಬೋರಿನದೇ. ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ೨೦೧೯ರ ತಿದ್ದುಪಡಿಯು ಮೂರರಿಂದ ಎರಡಕ್ಕೆ ಇಳಿಸಿತು. ಬೆಳೆ ಕಾಯುವ ರೈತನಿಗೆ ಕಾಯಿದೆ ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೇ ಹೊರತು ಮ್ಯಾಗ್ನಂ ರೈಫಲನ್ನಲ್ಲ. ೧೯೭೨ರ ವನ್ಯಜೀವಿ ಕಾಯಿದೆಯ ಮೇಲೆ ಬೇಟೆಯ ಮಾತನ್ನಂತೂ ಎತ್ತುವಂತೆಯೇ ಇಲ್ಲ. ನಮ್ಮ ಮೇಘಮಲೆಯ ಕಾಡು ೨೦೨೧ರಿಂದ ಹುಲಿಗಳ ರಕ್ಷಿತ ಪ್ರದೇಶಕ್ಕೆ ಸೇರಿದೆ.

ಹಾಗಾದರೆ ಈ ಅಭಿಮಾನಕ್ಕೆ ನಮ್ಮಲ್ಲಿ ಎಡೆಯೇ ಇಲ್ಲವೆ? ಇದೆಯೆಂದು ಕನ್ನಡನಾಡಿನ ಒಂದು ಮೂಲೆಯೇ ತೋರಿಸಿಕೊಡುತ್ತದೆ. ಕೊಡಗಿನವರಿಗೆ ೧೮೬೧ರಿಂದಲೂ ಆಯುಧ ಕಾಯಿದೆಯಲ್ಲಿ ವಿನಾಯಿತಿಯುಂಟು. ೨೦೨೧ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅವರು ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಹೂವಿಟ್ಟು ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಟ್ಟು ಪಂದ್ಯವಾಡುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು, ಮನೆಯಲ್ಲಿ ಸಾವಾದಾಗ ಎರಡು ಗುಂಡು ಹಾರಿಸುತ್ತಾರೆ. ಅಲ್ಲಿ ಕೋವಿಯು ಪೌರುಷದ ಆಟಿಕೆಯಲ್ಲ, ಮನೆತನದ ಮರ್ಯಾದೆ.

ಸಣ್ಣ ಬೋರಿನ ನಿಜವಾದ ಕೀರ್ತಿಯು ಗುರಿಯ ಮೈದಾನದಲ್ಲಿದೆ. ೨೦೧೨ರ ಒಲಿಂಪಿಕ್ಸಿನಲ್ಲಿ ವಿಜಯ ಕುಮಾರರು ಬೆಳ್ಳಿಯನ್ನು ಗೆದ್ದುದು .೨೨ ಪಿಸ್ತೂಲಿನಿಂದ, ೨೦೨೪ರಲ್ಲಿ ಸ್ವಪ್ನಿಲ್ ಕುಸಾಳೆಯವರು ಕಂಚನ್ನು ಗೆದ್ದುದು.೨೨ ರೈಫಲಿನಿಂದ. ಅಲ್ಲಿ ಮ್ಯಾಗ್ನಂ ಮದ್ದಿಗೆ ಸ್ಥಾನವಿಲ್ಲ. ಉಸಿರಿನ ಹಿಡಿತಕ್ಕೆ ಮಾತ್ರ ಸ್ಥಾನ.

ಗುಂಡು ಚಿಕ್ಕದೆಂದು ಅಲಕ್ಷ್ಯ ಸಲ್ಲದು. ಸಾಧಾರಣ .೨೨ ಗುಂಡು ಕೂಡ ಒಂದು ಮೈಲಿಗಿಂತ ದೂರ ಹೋಗಬಲ್ಲದು. ನಮ್ಮ ಕಣಿವೆಯ ದ್ರಾಕ್ಷಿಯ ತೋಟಗಳಲ್ಲಿ ಒಂದು ಮೈಲಿಯೊಳಗೆ ಎಷ್ಟು ಮಂದಿ ಕೂಲಿಯವರು ಚಪ್ಪರದ ಕೆಳಗೆ ಬಾಗಿ ಕೆಲಸ ಮಾಡುತ್ತಿರುತ್ತಾರೆಂಬುದನ್ನು ಎಣಿಸಿ ನೋಡಬೇಕು. ಕಳ್ಳತನದಲ್ಲಿ ಮಾಡಿದ ನಾಡಕೋವಿಗೆ ಬಲವಾದ ಮದ್ದು ತುಂಬುವವನು ತನ್ನ ಕೈಬೆರಳುಗಳನ್ನೇ ಪಣವಿಟ್ಟಂತೆ. ಒತ್ತಡವನ್ನು ತಾಳುವ ಉಕ್ಕು, ಅದನ್ನು ಕೊರೆಯುವ ಯಂತ್ರ, ಪರೀಕ್ಷಿಸುವ ಕಣ್ಣು ಇವಿಲ್ಲದೆ ಮ್ಯಾಗ್ನಂ ಎಂಬುದು ಬರಿಯ ಹೆಸರು.

ಹೈದರನು ದಿಂಡಿಗಲ್ಲಿಗೆ ಕುಶಲ ಕರ್ಮಿಗಳನ್ನು ಕರೆತಂದುದು ಇದೇ ತಿಳಿವಳಿಕೆಯಿಂದ. ನಮ್ಮ ತರುಣರು ಕೋವಿಯನ್ನು ಪ್ರೀತಿಸುವುದಾದರೆ ಅದರ ಗಣಿತವನ್ನೂ ಲೋಹವಿದ್ಯೆಯನ್ನೂ ಪ್ರೀತಿಸಲಿ. ಪರವಾನಗಿ ಪಡೆದ ಗುರಿಯ ಸಂಘಗಳಲ್ಲಿ ಕೈ ಪಳಗಿಸಲಿ. ಕೋವಿಯನ್ನು ಬಲ್ಲವನು ಅದನ್ನು ಹಾರಿಸುವುದಕ್ಕೆ ಮೊದಲು ಗುಂಡು ಎಲ್ಲಿ ಹೋಗಿ ನಿಲ್ಲುವುದೆಂದು ಕೇಳಿಕೊಳ್ಳುತ್ತಾನೆ. ಆ ಪ್ರಶ್ನೆಯನ್ನು ಕಲಿಸುವುದು ನಮ್ಮಂಥ ಮಾಸ್ತರರ ಕೆಲಸವೂ ಹೌದು.