ಮಹಾರಾಯ ಎಂಬ ಊರಿನ ಬಿರುದು

ಉಡುಪಿಯಿಂದ ಕಾರ್ಕಳಕ್ಕೆ ಹೊರಟ ಸರ್ವಿಸ್ ಬಸ್ಸು ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರು ದಾಟುವಷ್ಟರಲ್ಲಿ ಕಂಡಕ್ಟರನ ಬಾಯಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ. ‘ಸ್ವಲ್ಪ ಮುಂದೆ ಹೋಗಿ ಮಾರಾಯ್ರೆ.’ ‘ಚಿಲ್ಲರೆ ಇದ್ರೆ ಕೊಡಿ ಮಾರಾಯ್ರೆ.’ ‘ಮೊದಲೇ ಹೇಳ್ಬಾರ್ದಾ ಮಾರಾಯ್ರೆ, ಸ್ಟಾಪ್ ಹೋಯ್ತಲ್ಲ!’ ಹತ್ತಿದವರಲ್ಲಿ ಆಸ್ಪತ್ರೆಯ ಚೀಟಿ ಹಿಡಿದ ಅಜ್ಜ ಇದ್ದಾರೆ, ಕಾಲೇಜು ಮುಗಿಸಿ ಬಂದ ಹುಡುಗರಿದ್ದಾರೆ, ಪೇಟೆಯ ಅಂಗಡಿಯಲ್ಲಿ ದುಡಿದು ಮನೆಗೆ ಹೊರಟ ಹೆಂಗಸರಿದ್ದಾರೆ. ಯಾರ ಹೆಸರೂ ಅವನಿಗೆ ಗೊತ್ತಿಲ್ಲ. ಆದರೂ ಎಲ್ಲರನ್ನೂ ಕರೆಯಲು ಅವನ ಹತ್ತಿರ ಒಂದು ಪದ ಉಂಟು.

ಆ ಪದವನ್ನು ತೆಗೆದು ನೋಡಿ. ‘ಮುಂದೆ ಹೋಗಿ’ ಎಂದರೂ ಅರ್ಥ ಅದೇ, ಕೆಲಸವೂ ಅದೇ. ಆದರೆ ಅದು ಅಪ್ಪಣೆಯಾಗಿ ಕೇಳಿಸುತ್ತದೆ. ಕೊನೆಗೆ ‘ಮಾರಾಯ್ರೆ’ ಸೇರಿದರೆ ಅಪ್ಪಣೆ ಹೋಗಿ ವಿನಂತಿ ಬರುತ್ತದೆ. ನನಗೂ ಕಷ್ಟ, ನಿಮಗೂ ಕಷ್ಟ, ಇಬ್ಬರೂ ಸೇರಿ ಸುಧಾರಿಸಿಕೊಳ್ಳೋಣ ಎಂಬ ಭಾವ ಬರುತ್ತದೆ. ವಾಕ್ಯದ ಅರ್ಥಕ್ಕೆ ಏನನ್ನೂ ಕೂಡಿಸದೆ, ಆಡುವವನಿಗೂ ಕೇಳುವವನಿಗೂ ನಡುವಿನ ಸಂಬಂಧವನ್ನೇ ಬದಲಿಸುವ ಇಂಥ ಪದಗಳು ಭಾಷೆಯಲ್ಲಿ ಬಹಳ ಇರುವುದಿಲ್ಲ. ಕರಾವಳಿಯ ಕನ್ನಡಕ್ಕೆ ಇದು ಸಿಕ್ಕಿದೆ. ತುಳುವಿನಲ್ಲಿಯೂ ಕೊಂಕಣಿಯಲ್ಲಿಯೂ ಇದು ಸಲೀಸಾಗಿ ಓಡಾಡುತ್ತದೆ. ಕುಂದಾಪುರದ ಕಡೆ ‘ಮರ್ರೆ’ ಎಂದು ಚಿಕ್ಕದಾಗುತ್ತದೆ, ಮಂಗಳೂರಿನ ಕಡೆ ‘ಮಾರ್ರೆ’ ಆಗುತ್ತದೆ. ಮಲೆನಾಡಿನಲ್ಲೂ ಮೈಸೂರಿನ ಕಡೆಯೂ ‘ಮಾರಾಯ’ ಕೇಳದ ಪದವಲ್ಲ. ಆದರೆ ದಿನದ ಇಷ್ಟೊಂದು ಕೆಲಸಗಳನ್ನು ಅದರ ಮೇಲೆ ಹೊರಿಸಿದವರು ನಮ್ಮ ಕಡೆಯವರು.

ಏನೇನು ಕೆಲಸ? ಬೇಡಿಕೊಳ್ಳಲು: ‘ಒಮ್ಮೆ ಬಂದು ಹೋಗು ಮಾರಾಯ.’ ಬೆರಗಿಗೆ: ‘ಎಂಥ ಮಳೆ ಮಾರಾಯ್ರೆ!’ ಸಮಾಧಾನಕ್ಕೆ: ‘ಆಯ್ತು ಬಿಡು ಮಾರಾಯ, ಮಂಡೆ ಬಿಸಿ ಮಾಡ್ಬೇಡ.’ ಸಾಕಾದಾಗ: ‘ನಿಂಗೆ ಎಷ್ಟು ಸಲ ಹೇಳೂದು ಮಾರಾಯ್ತಿ?’ ಎದುರಿಗಿಲ್ಲದವರ ಮೇಲಿನ ಬೇಸರಕ್ಕೆ: ‘ಬರ್ತೇನೆ ಹೇಳಿದ ಆ ಮಾರಾಯ ಬರ್ಲೇ ಇಲ್ಲ.’ ಈ ಕೊನೆಯ ಬಳಕೆಯನ್ನು ಗಮನಿಸಬೇಕು. ಕೈಕೊಟ್ಟವನನ್ನೂ ಬೈಗುಳದಿಂದ ಕರೆಯದೆ ಮಾರಾಯ ಎಂದೇ ಕರೆಯುತ್ತೇವೆ. ಸಿಟ್ಟು ಇದೆ, ಆದರೆ ಅವನು ನಾಳೆಯೂ ನಮ್ಮವನೇ ಎಂಬುದನ್ನು ಆ ಪದ ಬಿಟ್ಟುಕೊಡುವುದಿಲ್ಲ.

ಕಾಪುವಿನ ಕಡೆ ಮೀನಿನ ಮಾರ್ಕೆಟಿನಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ನಿಂತರೆ ಈ ಪದ ಕೆಲಸ ಮಾಡುವ ರೀತಿ ಹತ್ತಿರದಿಂದ ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಮೀನು ಕಡಿಮೆ, ಕ್ರಯ ಜಾಸ್ತಿ. ಅಲ್ಲಿ ತುಳುವಿನಲ್ಲಿ ನಡೆಯುವ ಚರ್ಚೆಯನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

‘ಬಂಗುಡೆ ಹೇಗೆ?’

‘ನೂರಕ್ಕೆ ನಾಲ್ಕು.’

‘ನಾಲ್ಕಾ? ಎಂತ ಮಾರಾಯ್ತಿ!’

‘ಎಂತ ಮಾಡೂದು ಮಾರಾಯ್ರೆ, ಬೋಟ್ ಇಲ್ಲ ಅಲ್ವಾ.’

‘ಆರು ಹಾಕು ಮಾರಾಯ್ತಿ.’

‘ನಂಗೆ ಅಸಲೂ ಹುಟ್ಟೂದಿಲ್ಲ ಮಾರಾಯ್ರೆ. ಆಯ್ತು, ಐದು ತಕೊಳ್ಳಿ.’

ಮೊದಲನೇ ‘ಮಾರಾಯ್ತಿ’ಯಲ್ಲಿ ಆಕ್ಷೇಪ ಇದೆ, ಎರಡನೆಯದರಲ್ಲಿ ಸಲಿಗೆ. ಅವಳ ಮೊದಲ ‘ಮಾರಾಯ್ರೆ’ ತನ್ನ ಕಷ್ಟ ಹೇಳಿಕೊಳ್ಳುತ್ತದೆ, ಎರಡನೆಯದು ಒಪ್ಪಂದಕ್ಕೆ ಬರುತ್ತದೆ. ಚರ್ಚೆ ಜಗಳಕ್ಕೆ ತಿರುಗದಂತೆ ಎರಡೂ ಕಡೆಯಿಂದ ಹಿಡಿದುಕೊಂಡದ್ದು ಆ ಒಂದು ಪದ. ಇನ್ನೂ ಒಂದು ಸಂಗತಿ ಇಲ್ಲಿದೆ: ಕೊಳ್ಳುವವರಿಗೆ ‘ರೆ’ ಸಿಕ್ಕಿತು, ಮಾರುವವಳಿಗೆ ಸಿಗಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಸಾವಿನ ಮನೆಯಲ್ಲಿಯೂ ಈ ಪದ ಹೊರಗೆ ನಿಲ್ಲುವುದಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತವರಿಗೆ ಏನು ಮಾತಾಡುವುದೆಂದು ತಿಳಿಯದಿದ್ದಾಗ ಯಾರೋ ಒಬ್ಬರು ಹೇಳುತ್ತಾರೆ: ‘ಎಂತ ಮಾಡೂದು ಮಾರಾಯ್ರೆ, ನಮ್ಮ ಕೈಯಲ್ಲಿ ಉಂಟಾ?’ ಆ ಮಾತಿನಲ್ಲಿ ಹೊಸ ಸಂಗತಿ ಏನೂ ಇಲ್ಲ. ಆದರೆ ನೊಂದವರಿಗೆ ಬೇಕಾದದ್ದು ಸಂಗತಿ ಅಲ್ಲ, ಜೊತೆ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಾಲಿನೋವ್‌ಸ್ಕಿ 1923ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಇಂಥ ಮಾತಿಗೆ ಒಂದು ಹೆಸರು ಕೊಟ್ಟ: ‘ಫ್ಯಾಟಿಕ್ ಕಮ್ಯುನಿಯನ್’. ಸುದ್ದಿ ಮುಟ್ಟಿಸುವುದಕ್ಕಲ್ಲ, ಮನುಷ್ಯರ ನಡುವೆ ನಂಟು ಕಟ್ಟುವುದಕ್ಕೆ ಆಡುವ ಮಾತು ಅದು. ನಮ್ಮ ಅಂಗಳಗಳಲ್ಲಿ ಆ ಕೆಲಸವನ್ನು ‘ಮಾರಾಯ್ರೆ’ ಬಹಳ ಹಿಂದಿನಿಂದ ಮಾಡಿಕೊಂಡು ಬಂದಿದೆ.

ಪದ ಬಂದದ್ದು ಅರಮನೆಯಿಂದ. ಮಹಾರಾಯ ಎಂಬುದು ಬಾಯಿಂದ ಬಾಯಿಗೆ ಸವೆದು ಮಾರಾಯ ಆಗಿದೆ. ‘ಕೃಷ್ಣದೇವ ಮಹಾರಾಯರು’ ಎಂದು ವಿಜಯನಗರದ ಶಾಸನಗಳಲ್ಲಿ ಕಾಣುವ ಬಿರುದೇ ಅದು. ಆ ಕಾಲದಲ್ಲಿ ನಮ್ಮ ಕರಾವಳಿಯನ್ನು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ವಿಂಗಡಿಸಿ ವಿಜಯನಗರದ ಅಧಿಕಾರಿಗಳು ಆಳುತ್ತಿದ್ದರು. ದೂರದ ಹಂಪಿಯಲ್ಲಿ ಮಹಾರಾಯ. ಇಲ್ಲಿ ಅವನ ಕೈಕೆಳಗೆ ಸಣ್ಣ ಸಣ್ಣ ಅರಸರು. ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಭೈರರಸರ ಮನೆತನದವನು. ಬಂಗರು, ಚೌಟರು, ಅಜಿಲರು, ಸಾವಂತರು ಎಂದು ಊರೂರಿಗೂ ಒಂದೊಂದು ಅರಸುಮನೆ.

ಆ ಬಿರುದುಗಳೆಲ್ಲ ಈಗ ಎಲ್ಲಿವೆ ನೋಡಿ. ಹೆಗ್ಗಡೆ, ಬಲ್ಲಾಳ, ಅಜಿಲ, ಸಾವಂತ — ಆಳುವವರ ಹೆಸರುಗಳು ಒಂದೊಂದು ಮನೆತನದ ಸೊತ್ತಾಗಿ ಉಳಿದವು, ಹೆಸರಿನ ಮುಂದೆ ಅಡ್ಡಹೆಸರಾಗಿ ನಿಂತವು. ಬರೀ ‘ರಾಯ’ ಕೂಡ ರಾವ್ ಆಗಿ ಹೆಸರುಗಳಿಗೆ ಅಂಟಿಕೊಂಡಿತು. ಎಲ್ಲಕ್ಕಿಂತ ದೊಡ್ಡದಾದ ಮಹಾರಾಯ ಮಾತ್ರ ಯಾವ ಮನೆಗೂ ಸೇರಲಿಲ್ಲ. ಯಾರದೂ ಆಗದ ಕಾರಣ ಅದು ಎಲ್ಲರದೂ ಆಯಿತು. ರಿಕ್ಷಾದವರು, ಪೋಸ್ಟಿನವರು, ತೆಂಗಿನಮರ ಹತ್ತುವವರು, ಡಾಕ್ಟರು, ಎಲ್ಲರೂ ಮಾರಾಯರೇ.

ಇದರ ಬೆಲೆ ತಿಳಿಯಬೇಕಾದರೆ ನಮ್ಮಲ್ಲಿ ಜನರನ್ನು ಕರೆಯುವ ಕ್ರಮ ಗೊತ್ತಿರಬೇಕು. ನಮ್ಮೂರಿನಲ್ಲಿ ಮರ್ಯಾದೆಯಿಂದ ಕರೆಯುವುದೆಂದರೆ ಬಹುಪಾಲು ಅಡ್ಡಹೆಸರು ಹಿಡಿದು ಕರೆಯುವುದು. ಭಟ್ರೆ, ಶೆಟ್ರೆ, ಕಾಮತ್ರೆ, ಪೂಜಾರ್ರೆ, ಆಚಾರ್ರೆ, ಸಾಯ್ಬ್ರೆ, ಪೊರ್ಬುಗಳೇ. ಪ್ರೀತಿಯಿಂದಲೇ ಕರೆಯುತ್ತೇವೆ, ನಿಜ. ಆದರೆ ಹಾಗೆ ಕರೆಯಬೇಕಾದರೆ ಎದುರಿನವರ ಜಾತಿಯೋ ಮತವೋ ಮೊದಲೇ ಗೊತ್ತಿರಬೇಕು. ದೈವದ ಕೋಲದಲ್ಲಿಯೂ ಗುತ್ತಿನ ಮನೆಯವರು, ಬರ್ಕೆ ಮನೆಯವರು, ಊರಿನ ಹತ್ತು ಸಮಸ್ತರು ಎಂದು ಕರೆಯುವುದಕ್ಕೊಂದು ಕಟ್ಟಳೆ ಇದೆ. ಅದು ತಪ್ಪಿದರೆ ಅಸಮಾಧಾನ ಆಗುತ್ತದೆ. ಹೀಗೆ ಪ್ರತಿಯೊಬ್ಬರಿಗೂ ಅವರವರ ಜಾಗ ತೋರಿಸಿ ಕರೆಯುವ ನಾಡಿನಲ್ಲಿ, ಜಾಗವನ್ನೇ ಕೇಳದೆ ಕರೆಯುವ ಒಂದು ಪದ ಬೆಳೆಯಿತು. ‘ಯಾವ ಜನ?’ ಎಂದು ತಿಳಿಯುವ ಮೊದಲೇ ಮರ್ಯಾದೆ ಕೊಟ್ಟುಬಿಡುವ ಪದ ಇದು.

ಅಪರಿಚಿತರ ಹತ್ತಿರ ವ್ಯವಹಾರ ಬೆಳೆದಂತೆಲ್ಲ ಇಂಥ ಪದ ಬೇಕಾಗುತ್ತದೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆಯಿಂದ ಹಣ ಕಟ್ಟಬಹುದಿತ್ತು. ಏಜೆಂಟರು ಮನೆಗೆ, ಅಂಗಡಿಗೆ ಬಂದು ಎತ್ತುತ್ತಿದ್ದರು. ಪಿಗ್ಮಿಯವರು ಸಂಜೆ ಅಂಗಡಿ ಮೆಟ್ಟಿಲು ಹತ್ತಿದಾಗ ಕೇಳುವ ಮಾತು ಇಂದಿಗೂ ಒಂದೇ: ‘ಇವತ್ತು ವ್ಯಾಪಾರವೇ ಇಲ್ಲ ಮಾರಾಯ್ರೆ, ನಾಳೆ ಸೇರಿಸಿ ಕೊಡ್ತೇನೆ.’ ಕೇಳಲು ಬಂದವರಿಗೂ ಇಲ್ಲ ಎನ್ನುವವರಿಗೂ ಮುಖ ಮುರಿಯದೆ ಆ ಸಂಜೆ ಮುಗಿಯುತ್ತದೆ.

ಇಂಗ್ಲಿಷಿನಲ್ಲಿಯೂ ದೊಡ್ಡವರ ಬಿರುದು ಹೀಗೆ ಬೀದಿಗೆ ಇಳಿದುಬಂದ ಕಥೆ ಇದೆ. ಅರಸನನ್ನು ಕರೆಯುವ ‘ಸೈರ್’ ಎಂಬುದರ ಮೋಟು ರೂಪ ‘ಸರ್’. ಯಜಮಾನ ಎಂಬರ್ಥದ ‘ಮಾಸ್ಟರ್’ ಸಡಿಲಗೊಂಡು ‘ಮಿಸ್ಟರ್’ ಆಯಿತು. ನಮಗೆ ನೀನು, ನೀವು ಇರುವಂತೆ ಅವರಿಗೂ ‘ದೌ’, ‘ಯೂ’ ಎಂದು ಎರಡಿತ್ತು. ಹದಿನೇಳನೆಯ ಶತಮಾನದಲ್ಲಿ ‘ದೌ’ ಸಾಮಾನ್ಯ ಮಾತಿನಿಂದ ಮರೆಯಾಗುತ್ತ ಬಂದು ಎಲ್ಲರಿಗೂ ಒಂದೇ ‘ಯೂ’ ಉಳಿಯಿತು. ಹಾಗಾಗಿ ಸಲಿಗೆ, ಗೌರವ ತೋರಿಸುವ ಕೆಲಸವನ್ನು ಅಲ್ಲಿ ಬೇರೆ ಪದಗಳು ವಹಿಸಿಕೊಂಡಿವೆ. ‘ಮೇಟ್’, ‘ಮ್ಯಾನ್’ ಎಂದರೆ ಸಲಿಗೆ, ‘ಸರ್’ ಎಂದರೆ ಗೌರವ. ಎರಡನ್ನೂ ಒಟ್ಟಿಗೆ ಕೊಡುವ ಪದ ಅವರಿಗೆ ಸುಲಭಕ್ಕೆ ಸಿಗುವುದಿಲ್ಲ. ನಮ್ಮ ‘ಮಾರಾಯ್ರೆ’ ಒಂದೇ ಉಸಿರಿನಲ್ಲಿ ಎರಡನ್ನೂ ಕೊಡುತ್ತದೆ: ಮಾರಾಯ ಎಂಬಲ್ಲಿ ಸಲಿಗೆ, ರೆ ಎಂಬಲ್ಲಿ ಗೌರವ.

ಮಣಿಪಾಲದಲ್ಲಿ ಈ ಪದ ಇಂಗ್ಲಿಷಿನ ಒಳಕ್ಕೇ ಹೊಕ್ಕಿದೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜು ಅಲ್ಲಿ 1953ರಲ್ಲಿ ತೆರೆದಂದಿನಿಂದ ದೇಶದ ಎಲ್ಲ ಮೂಲೆಗಳಿಂದ ಮಕ್ಕಳು ಬರುತ್ತಲೇ ಇದ್ದಾರೆ. ಅವರಿಗೆ ಕನ್ನಡ ಬರುವುದಿಲ್ಲ, ತುಳು ಬರುವುದಿಲ್ಲ. ಕ್ಯಾಂಟೀನಿನಲ್ಲಿ, ರಿಕ್ಷಾ ಸ್ಟ್ಯಾಂಡಿನಲ್ಲಿ ನಡೆಯುವುದು ಇಂಗ್ಲಿಷ್, ಇಲ್ಲವೇ ಹಿಂದಿ. ಆದರೂ ‘ಎಂತ’, ‘ಉಂಟು’, ‘ಮಾರಾಯ’ ಅವರ ನಾಲಿಗೆಗೆ ಬೇಗ ಹತ್ತುತ್ತವೆ. ‘ನೋ ಮಾರಾಯ, ಐ ಹ್ಯಾವ್ ಕ್ಲಾಸ್’ ಎನ್ನುವ ಮಾತು ಅಲ್ಲಿ ಯಾರಿಗೂ ವಿಚಿತ್ರವಾಗಿ ಕೇಳುವುದಿಲ್ಲ. ಮಲೇಷ್ಯಾದ ಮಲಾಕಾದೊಂದಿಗೆ ಸೇರಿ 1997ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗಾಗಿ ಅಲ್ಲಿಯ ಮಕ್ಕಳೂ ಮಣಿಪಾಲಕ್ಕೆ ಬಂದರು. ಅವರ ಇಂಗ್ಲಿಷಿನಲ್ಲಿ ಮಾತಿನ ತುದಿಗೆ ‘ಲಾ’ ಎಂದು ಸೇರಿಸುವ ರೂಢಿ ಇದೆ: ‘ಕಮ್ ಲಾ’, ‘ಓಕೆ ಲಾ’. ಕಡಲಿನಾಚೆಯ ‘ಲಾ’ ಮಾಡುವ ಕೆಲಸಕ್ಕೂ ನಮ್ಮ ‘ಮಾರಾಯ’ ಮಾಡುವ ಕೆಲಸಕ್ಕೂ ಹತ್ತಿರದ ಹೋಲಿಕೆ ಇದೆ. ಎಲ್ಲಿಯವರಾದರೂ ಇಂಗ್ಲಿಷನ್ನು ತಮ್ಮದು ಮಾಡಿಕೊಳ್ಳುವಾಗ ವ್ಯಾಕರಣವನ್ನು ಅಲ್ಲಿಂದ ತರುತ್ತಾರೆ, ಆತ್ಮೀಯತೆಯನ್ನು ಮನೆಯಿಂದ ತರುತ್ತಾರೆ.

ಮನೆಯೊಳಗೂ ಇದಕ್ಕೆ ತನ್ನದೇ ಜಾಗ ಇದೆ. ಗಂಡನ ಹೆಸರು ಹೇಳಬಾರದೆಂಬ ರೂಢಿಯಲ್ಲಿ ಬದುಕಿದ ಹಿಂದಿನ ಹೆಂಗಸರಿಗೆ ‘ಹೋಯ್’ ಬಿಟ್ಟರೆ ಇದ್ದ ದಾರಿ ‘ಮಾರಾಯ್ರೆ’. ‘ಅಕ್ಕಿ ಮುಗೀತು ಮಾರಾಯ್ರೆ’ ಎಂದು ಅವರು ಹೇಳುವಾಗ ಅದರಲ್ಲಿ ಮರ್ಯಾದೆಯೂ ಇತ್ತು, ಎಷ್ಟನೇ ಸಲ ಹೇಳುವುದು ಎಂಬ ತಾಕೀತೂ ಇತ್ತು. ಗೆಳತಿಯರು ಸೇರಿದರೆ ಮಾತ್ರ ‘ಮಾರಾಯ್ತಿ’ ಬಿಚ್ಚಿಕೊಳ್ಳುತ್ತದೆ. ಗಂಡಸರೆದುರು ಆಡದ ಎಷ್ಟೋ ಮಾತುಗಳಿಗೆ ಅದು ಬಾಗಿಲು.

ಕನ್ನಡ ಸಿನಿಮಾ ಬಹಳ ಕಾಲ ಈ ಪದವನ್ನು ನಗಿಸಲು ಮಾತ್ರ ಬಳಸಿತು. ಹೋಟೆಲಿನ ಭಟ್ಟರೊಬ್ಬರು ತೆರೆಯ ಮೇಲೆ ಬಂದು ‘ಎಂತ ಮಾರಾಯ್ರೆ’ ಎಂದರೆ ಸಭೆ ನಗಬೇಕು. 2014ರ ‘ಉಳಿದವರು ಕಂಡಂತೆ’, 2022ರ ‘ಕಾಂತಾರ’ ಬಂದ ಮೇಲೆ ನಮ್ಮ ಮಾತು ಸಿಟ್ಟಿನದೂ ದುಃಖದ್ದೂ ಪ್ರೀತಿಯದೂ ಆಗಬಲ್ಲದು ಎಂದು ಬೇರೆ ಜಿಲ್ಲೆಯವರಿಗೂ ಕಂಡಿತು. ನಮಗೆ ಇದು ಮೊದಲೇ ಗೊತ್ತಿತ್ತು. ಆಡುಮಾತಿನ ಬೆಲೆ ತಿಳಿದವರು ಉಡುಪಿಯಲ್ಲೇ ಇದ್ದರು: ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು, ಜನರ ಬಾಯಿಯ ಮಾತನ್ನು ಅದರ ಒಳಭೇದಗಳ ಸಮೇತ ಹೆಕ್ಕಿಟ್ಟಿತು.

ಈಗ ಮೀನಿನ ಮಾರ್ಕೆಟಿನ ‘ರೆ’ಗೆ ಬರುತ್ತೇನೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ವಿದ್ವಾಂಸರು 1960ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಇಬ್ಬರೂ ಒಂದೇ ರೂಪದಿಂದ ಕರೆದುಕೊಂಡರೆ ಅಲ್ಲಿ ಒಗ್ಗಟ್ಟು ಇದೆ. ಒಬ್ಬರು ನೀವು ಎಂದು, ಇನ್ನೊಬ್ಬರು ನೀನು ಎಂದು ಕರೆದರೆ ಅಲ್ಲಿ ಅಧಿಕಾರ ಇದೆ ಎಂಬುದು ಅದರ ಸಾರ. ಬುಟ್ಟಿಯ ಮುಂದೆ ಕುಳಿತ ಹೆಂಗಸು ಕೊಳ್ಳುವವರಿಗಿಂತ ಹಿರಿಯಳಾಗಿದ್ದರೂ ಅವಳು ಎಷ್ಟೋ ಸಲ ಮಾರಾಯ್ತಿಯೇ. ಇನ್ನೂ ಕೆಳಗೆ ನೂಕಲ್ಪಟ್ಟವರ ಪಾಲಿಗೆ ಆ ಸಲಿಗೆಯೂ ಬರಲಿಲ್ಲ. ಕೊರಗ ಸಮುದಾಯದವರನ್ನು ಹೀನಾಯವಾಗಿ ನಡೆಸಿಕೊಳ್ಳುವ, ಅವರ ಮೇಲೆ ಹೇರಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ನಮ್ಮ ರಾಜ್ಯಕ್ಕೆ 2000ದಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಅಂಥ ಜನರನ್ನು ನಮ್ಮ ಹಿರಿಯರು ಕರೆಯುತ್ತಿದ್ದದ್ದು ಬೋಳು ಹೆಸರಿನಿಂದ, ಎಷ್ಟೇ ವಯಸ್ಸಾಗಿದ್ದರೂ ಏಕವಚನದಲ್ಲಿ. ಇವತ್ತು ಮಣಿಪಾಲದ ಬಹುಮಹಡಿ ಕಟ್ಟಡಗಳಿಗೆ ಕಲ್ಲು ಹೊರುವ ಬಯಲುಸೀಮೆಯವರು ನಮ್ಮ ಬಾಯಲ್ಲಿ ‘ಘಟ್ಟದವರು’, ಉತ್ತರ ಭಾರತದಿಂದ ಬಂದ ಕೂಲಿಯವರು ‘ಭಯ್ಯಾಗಳು’. ಅವರಿಗೆ ಮಾರಾಯ್ರೆ ಎನ್ನಲು ನಾಲಿಗೆ ಯಾಕೆ ತಡೆಯಬೇಕು?

ಪದ ತನ್ನಷ್ಟಕ್ಕೆ ಯಾರನ್ನೂ ಹೊರಗಿಡುವುದಿಲ್ಲ. ಜಾತಿ ಕೇಳುವುದಿಲ್ಲ, ಊರು ಕೇಳುವುದಿಲ್ಲ, ಹೆಂಗಸೋ ಗಂಡಸೋ ಎಂದೂ ನೋಡದೆ ಗೌರವದ ‘ರೆ’ ಎಲ್ಲರಿಗೂ ಒಪ್ಪುತ್ತದೆ. ಅದನ್ನು ಅಳೆದು ಕೊಡುತ್ತಿರುವವರು ನಾವು. ಗೆಳೆಯರ ನಡುವೆ ಮಾರಾಯ, ಮಾರಾಯ್ತಿ ಚೆನ್ನಾಗಿಯೇ ಇರಲಿ. ಆ ಸಲಿಗೆ ಎರಡೂ ಕಡೆಯದು. ಸಲಿಗೆ ಒಂದು ಕಡೆಯದು ಮಾತ್ರವಾಗಿರುವಲ್ಲೆಲ್ಲ, ಮೀನಿನ ಬುಟ್ಟಿಯ ಮುಂದೆ, ಕಟ್ಟಡದ ಬುಡದಲ್ಲಿ, ಬೀದಿ ಗುಡಿಸುವವರ ಎದುರು, ನಾವು ಮಾರಾಯ್ರೆ ಎಂದೇ ಕರೆಯೋಣ, ನಮ್ಮ ಮಕ್ಕಳ ಬಾಯಲ್ಲೂ ಹಾಗೆಯೇ ಕೂರಿಸೋಣ. ಖರ್ಚಿಲ್ಲದ, ಕಾಯ್ದೆ ಬೇಡದ, ಇವತ್ತೇ ಶುರು ಮಾಡಬಹುದಾದ ಸಮಾನತೆ ಇದು. ಅದಕ್ಕೆ ಬೇಕಾದ ಪದ ನಮ್ಮ ಹಿರಿಯರಿಂದಲೇ ನಮಗೆ ಬಂದಿದೆ.