ಅಚ್ಚಿನ ಬಣ್ಣಗಳಿಗೆ ಹೆಸರಿಟ್ಟ ಕತೆ

ಸೀರೆಯಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು ಗಿಳಿಹಸಿರು, ಎಲೆಹಸಿರು, ಪಾಚಿಹಸಿರು ಎಂದು ಬೇರೆ ಬೇರೆ ಹೆಸರು ಹೇಳಿ ಕೇಳುವುದನ್ನು ಎಲ್ಲರೂ ಕಂಡಿದ್ದೇವೆ. ಅಂಗಡಿಯವನು ಕನ್ನಡ ಬಲ್ಲವನಾದರೆ ಸರಿ. ದಾದರಿನಲ್ಲೋ ಕರೋಲ್‌ಬಾಗಿನಲ್ಲೋ ಆದರೆ ಕೊನೆಗೆ ಬೆರಳು ಮಾಡಿ ತೋರಿಸಿಯೇ ಕೆಲಸ ಸಾಗಬೇಕು. ಬಣ್ಣ ಕಣ್ಣೆದುರಿಗಿದ್ದಾಗ ಹೆಸರಿನ ಹಂಗಿಲ್ಲ. ಆದರೆ ಬಣ್ಣ ಇನ್ನೂ ಹುಟ್ಟಿಯೇ ಇಲ್ಲದಿರುವಾಗ, ದೂರದ ಅಚ್ಚುಕೂಟದಲ್ಲಿ ಯಾರೋ ಅಪರಿಚಿತರು ಅದನ್ನು ಕಾಗದದ ಮೇಲೆ ಮೂಡಿಸಬೇಕಾಗಿರುವಾಗ, ಬಾಯಿಮಾತಿನ ಹೆಸರನ್ನು ನೆಚ್ಚಿಕೊಳ್ಳುವುದು ಹೇಗೆ? ಕಂಪ್ಯೂಟರಿನಿಂದ ಅಕ್ಷರ ಜೋಡಿಸುವ ಕಾಲದಲ್ಲಿ ಈ ಹಳೆಯ ತೊಡಕಿಗೆ ಕಂಡುಕೊಂಡ ಪರಿಹಾರ ಬಲು ಸ್ವಾರಸ್ಯವಾದುದು.

ಜರ್ಮನಿಯ ಮೈಂಜ್ ನಗರದಲ್ಲಿ 1455ರ ಸುಮಾರಿಗೆ ಬೈಬಲ್ಲನ್ನು ಅಚ್ಚು ಹಾಕಿದ ಗುಟೆನ್‌ಬರ್ಗ್ ಮೊದಲ ಕೆಲವು ಪುಟಗಳ ತಲೆಬರಹಗಳನ್ನು ಕೆಂಪು ಶಾಯಿಯಲ್ಲಿ ಮುದ್ರಿಸಿ ನೋಡಿದ. ಆ ಕ್ರಮವನ್ನು ಬೇಗನೆ ಕೈಬಿಟ್ಟು, ಜಾಗವನ್ನು ಖಾಲಿ ಉಳಿಸಿ, ಕೆಂಪಕ್ಷರದ ಕೆಲಸವನ್ನು ಕೈಬರಹದವರಿಗೇ ಒಪ್ಪಿಸಿದ. 1457ರಲ್ಲಿ ಫುಸ್ಟ್ ಮತ್ತು ಷೋಫರ್ ಎಂಬವರು ಹೊರತಂದ ಕೀರ್ತನೆಗಳ ಗ್ರಂಥದಲ್ಲಿ ಕೆಂಪು, ನೀಲಿ ಎರಡೂ ಅಚ್ಚಿನಲ್ಲೇ ಮೂಡಿದವು. ಹದಿನೆಂಟನೆಯ ಶತಮಾನದಲ್ಲಿ ಲ ಬ್ಲಾನ್ ಎಂಬಾತ ನೀಲಿ, ಹಳದಿ, ಕೆಂಪು ಈ ಮೂರನ್ನೇ ಒಂದರ ಮೇಲೊಂದು ಅಚ್ಚೊತ್ತಿ ಉಳಿದ ಬಣ್ಣಗಳನ್ನೂ ಪಡೆಯಬಹುದೆಂದು ತೋರಿಸಿದ. ಅಮೆರಿಕದ ಪ್ಯಾಂಟೋನ್ ಸಂಸ್ಥೆ 1963ರಲ್ಲಿ ಬಣ್ಣದ ಪಟ್ಟಿಗಳ ಪುಸ್ತಕವನ್ನೇ ಮಾಡಿ, ಹೆಸರಿನ ಗೊಡವೆ ಬೇಡವೆಂದು ಒಂದೊಂದಕ್ಕೂ ಸಂಖ್ಯೆ ಕೊಟ್ಟಿತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೊನಾಲ್ಡ್ ಕ್ನೂತ್ ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚು ನೋಡಿ, ಅದರ ಅಂದಗೇಡಿತನಕ್ಕೆ ಬೇಸತ್ತು, 1977ರಲ್ಲಿ ತಾವೇ ಒಂದು ಅಕ್ಷರಜೋಡಣೆಯ ವ್ಯವಸ್ಥೆಯನ್ನು ಕಟ್ಟತೊಡಗಿದರು. ಅದೇ 'ಟೆಕ್'. ಗಣಿತದ ಸೂತ್ರಗಳನ್ನು ಅದರಷ್ಟು ಚೆಲುವಾಗಿ ಜೋಡಿಸುವುದು ಇನ್ನೊಂದಿಲ್ಲವೆಂದು ವಿದ್ವಾಂಸರು ಇಂದಿಗೂ ಅದನ್ನು ಬಳಸುತ್ತಾರೆ. ಆದರೆ ಅದಕ್ಕೆ ಬಣ್ಣದ ಪರಿವೆಯೇ ಇರಲಿಲ್ಲ. ಯಾವ ಅಕ್ಷರ ಎಲ್ಲಿ ಕೂರಬೇಕು ಎಂಬುದಷ್ಟೇ ಅದರ ಚಿಂತೆ. ಕ್ನೂತ್ ಮಾತ್ರ ದೂರದೃಷ್ಟಿಯಿಂದ 'ಸ್ಪೆಷಲ್' ಎಂಬ ಚಿಕ್ಕ ಕಿಂಡಿಯೊಂದನ್ನು ಬಿಟ್ಟಿದ್ದರು. ಅಲ್ಲಿ ಬರೆದುದನ್ನು ಟೆಕ್ ತಾನು ಓದುವುದಿಲ್ಲ; ಮೊಹರು ಮಾಡಿದ ಲಕೋಟೆಯಂತೆ ಮುಂದಿನ ಮುದ್ರಣ ಕ್ರಮವಿಧಿಗೆ ದಾಟಿಸುತ್ತದೆ. ಬಣ್ಣ ಒಳಬಂದದ್ದು ಆ ಕಿಂಡಿಯಿಂದ.

ಲಕೋಟೆಯನ್ನು ಒಡೆದು ಓದುವವರಲ್ಲಿ ಟಾಮಸ್ ರೋಕಿಕಿ ಬರೆದ 'ಡಿವಿಪ್ಸ್' ಮುಖ್ಯವಾದುದು. ಅದಕ್ಕೆ ಜಿಮ್ ಹಾಫ್ನರ್ 68 ಬಣ್ಣಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿಕೊಟ್ಟರು. ಇಷ್ಟೊಂದು ಹೆಸರುಗಳನ್ನು ಅವರು ತಂದದ್ದೆಲ್ಲಿಂದ? ಯಾವ ಶಾಸ್ತ್ರಗ್ರಂಥದಿಂದಲೂ ಅಲ್ಲ; ಹೆಚ್ಚಿನವು ಬಂದದ್ದು ಮಕ್ಕಳು ಗೀಚುವ ಕ್ರೇಯೋಲಾ ಮೇಣದ ಕಡ್ಡಿಗಳ 64ರ ಡಬ್ಬಿಯಿಂದ! ಅಮೆರಿಕದಲ್ಲಿ ಬೆಳೆದವರಿಗೆಲ್ಲ ಆ ಹೆಸರುಗಳು ಬಾಲ್ಯದಿಂದ ಪರಿಚಿತ. ಪ್ರತಿಯೊಂದು ಹೆಸರಿನ ಹಿಂದೆ ನಾಲ್ಕು ಅಂಕಿಗಳನ್ನು ಇಟ್ಟರು: ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು ಈ ನಾಲ್ಕು ಶಾಯಿಗಳ ಪ್ರಮಾಣ. 'ಗೋಲ್ಡನ್‌ರಾಡ್' ಎಂದರೆ ನೂರಕ್ಕೆ 84 ಪಾಲು ಹಳದಿ, 10 ಪಾಲು ಕೆನ್ನೇರಳೆ. 'ಡ್ಯಾಂಡೆಲಿಯನ್' ಎಂದರೆ ಅದೇ 84 ಹಳದಿಗೆ 29 ಕೆನ್ನೇರಳೆ. ಇವೆರಡೂ ಹಳದಿ ಹೂಗಳ ಹೆಸರು. ಆ ಹೂಗಳನ್ನೇ ಕಾಣದ ನಮಗೆ ಹೆಸರಿನಿಂದ ಏನೂ ತಿಳಿಯದಿದ್ದರೂ ಅಂಕಿಯಿಂದ ಎಲ್ಲವೂ ತಿಳಿಯುತ್ತದೆ.

ಹೆಸರು ನಿರುಪದ್ರವಿಯೇನಲ್ಲ. ಆ ಕಡ್ಡಿಗಳಲ್ಲಿ 'ಮೈಬಣ್ಣ' ಎಂಬ ಅರ್ಥದ 'ಫ್ಲೆಷ್' ಎಂಬುದೊಂದಿತ್ತು. ಯಾರ ಮೈಬಣ್ಣ? ಬಿಳಿಯರದು. 1962ರಲ್ಲಿ ಅದನ್ನು 'ಪೀಚ್' ಎಂದು ಬದಲಿಸಿದರು; ಹಾಫ್ನರ್ ಪಟ್ಟಿಯಲ್ಲಿರುವುದು ಈ ಹೊಸ ಹೆಸರೇ. ನಮ್ಮ ದೇಶದ ಕೆಮ್ಮಣ್ಣಿನ ವರ್ಣದ್ರವ್ಯದಿಂದ ಬಂದ 'ಇಂಡಿಯನ್ ರೆಡ್' ಎಂಬುದನ್ನು, ಅಮೆರಿಕದ ಮೂಲನಿವಾಸಿಗಳ ಮೈಬಣ್ಣವೆಂದು ಮಕ್ಕಳು ತಪ್ಪು ತಿಳಿದಾರು ಎಂಬ ಕಾರಣಕ್ಕೆ 1999ರಲ್ಲಿ ಕೈಬಿಟ್ಟರು. ಕಂಪ್ಯೂಟರಿನ ಬೇರೊಂದು ಪಟ್ಟಿಯಲ್ಲಿ ಅದೇ ಹೆಸರು ಇಂದಿಗೂ ಉಳಿದುಕೊಂಡಿದೆ.

ಆ ಬೇರೊಂದು ಪಟ್ಟಿಯದೇ ಒಂದು ಫಜೀತಿ. ಯುನಿಕ್ಸ್ ಯಂತ್ರಗಳ ಪರದೆಗಾಗಿ 'ಎಕ್ಸ್' ಎಂಬ ವ್ಯವಸ್ಥೆಯವರು ನೂರಾರು ಬಣ್ಣಗಳಿಗೆ ಹೆಸರಿಟ್ಟಿದ್ದರು. ಸೊನ್ನೆ ಎಂದರೆ ಕಪ್ಪು, 255 ಎಂದರೆ ಬಿಳಿ ಎಂಬ ಅಳತೆಯಲ್ಲಿ ಅವರ 'ಬೂದು' 190, 'ಗಾಢ ಬೂದು' 169. ಅಂತರ್ಜಾಲದವರು ಬೇರೆಯಾಗಿ ಯೋಚಿಸಿ 'ಬೂದು' ಎಂದರೆ 128 ಎಂದರು. ಆಮೇಲೆ ಎರಡು ಪಟ್ಟಿಗಳನ್ನೂ ಕೂಡಿಸಿದಾಗ, ಬೂದಿಗಿಂತ ಗಾಢ ಬೂದೇ ತಿಳಿಯಾಯಿತು! ತಮ್ಮ ಅಣ್ಣನಿಗಿಂತ ಹಿರಿಯನಾದಂತೆ. ಹಳೆಯ ಕಡತಗಳು ಕೆಟ್ಟಾವೆಂದು ಅದನ್ನು ಹಾಗೆಯೇ ಬಿಟ್ಟಿದ್ದಾರೆ.

ಇಷ್ಟು ಪಟ್ಟಿಗಳು ಒಂದೇ ಮನೆಗೆ ಬಂದರೆ ಜಗಳ ತಪ್ಪಿದ್ದಲ್ಲ. ಟೆಕ್ ಮೇಲೆ ಕಟ್ಟಿದ 'ಲೇಟೆಕ್' ವ್ಯವಸ್ಥೆಗೆ ಡೇವಿಡ್ ಕಾರ್ಲೈಲ್ 1994ರ ಸುಮಾರಿಗೆ ಬರೆದ ಬಣ್ಣದ ಕಟ್ಟು ಎಂಟೇ ಹೆಸರುಗಳನ್ನು ಸಿದ್ಧವಾಗಿ ಕೊಟ್ಟು, ಉಳಿದುದನ್ನು ಒಂದೊಂದಾಗಿ ನೀವೇ ಹೇಳಿಕೊಳ್ಳಿ ಎಂದಿತು. 2003ರಲ್ಲಿ ಜರ್ಮನಿಯ ಊವೆ ಕೆರ್ನ್ ಅದನ್ನು ವಿಸ್ತರಿಸಿ 'ಎಕ್ಸ್‌ಕಲರ್' ಹೊರತಂದರು. ಇದರಲ್ಲಿ ಹಾಫ್ನರ್‌ರ 68, ಅಂತರ್ಜಾಲದ 151, ಎಕ್ಸ್‌ನವರ 317 ಹೆಸರುಗಳು ಬೇರೆ ಬೇರೆ ಕುಟುಂಬಗಳಾಗಿ ನಿಂತಿವೆ. ಬೇಕಾದವರು ಬೇಕಾದ್ದನ್ನು ಕರೆಯಬಹುದು. ಆದರೂ 'ಗ್ರೀನ್' ಎಂದರೆ ಒಂದು ಕುಟುಂಬದಲ್ಲಿ ಕಣ್ಣು ಕುಕ್ಕುವ ಹಸಿರು, ಇನ್ನೊಂದರಲ್ಲಿ ಕಪ್ಪಿಟ್ಟ ಹಸಿರು. ಎರಡನ್ನೂ ಕರೆದರೆ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ.

ಇಲ್ಲಿಯೇ ಕೆರ್ನ್ ಅವರ ಜಾಣ್ಮೆ ಮೆಚ್ಚಬೇಕಾದದ್ದು. 'ಡಿಫೈನ್‌ಕಲರ್‌ಸೆಟ್' ಎಂಬ ಒಂದೇ ಆಜ್ಞೆಯಿಂದ ಬಣ್ಣಗಳ ಇಡೀ ಗುಂಪನ್ನು ಹೇಳಿಬಿಡಬಹುದು. ಅಲ್ಲದೆ ಗುಂಪಿನ ಪ್ರತಿ ಹೆಸರಿಗೂ ಮುಂದೊಂದು, ಹಿಂದೊಂದು ಬಾಲಂಗೋಚಿಯನ್ನು ಹಚ್ಚಬಹುದು. ಒಂದೇ ತರಗತಿಯಲ್ಲಿ ಮೂವರು ಸುರೇಶರಿದ್ದರೆ ಊರಿನ ಮೊದಲಕ್ಷರದಿಂದ ಗುರುತಿಸುವ ನಮ್ಮ ಪದ್ಧತಿಯೂ ಇದೇ ತಾನೆ! 'ಪ್ರೊವೈಡ್‌ಕಲರ್‌ಸೆಟ್' ಎಂಬ ಅದರ ಸೋದರ ಇನ್ನೂ ವಿನಯಶಾಲಿ. ಆ ಹೆಸರಿನವರು ಮನೆಯಲ್ಲಿ ಆಗಲೇ ಇದ್ದರೆ ತಾನು ಸುಮ್ಮನೆ ಹಿಂದೆ ಸರಿಯುತ್ತದೆ.

ಕನ್ನಡ ಬಾವುಟದ ಅರಿಶಿನ-ಕುಂಕುಮಗಳನ್ನೇ ತೆಗೆದುಕೊಳ್ಳಿ. ರಾಜ್ಯೋತ್ಸವದ ಸಂಚಿಕೆಯ ಮುಖಪುಟದಲ್ಲಿ ಅರಿಶಿನ ಒಂದು ವರ್ಷ ನಿಂಬೆಹಣ್ಣಾಗುವುದು, ಮರುವರ್ಷ ಕಿತ್ತಳೆಯಾಗುವುದು ಹೊರನಾಡಿನ ಸಂಘಗಳಿಗೆ ಹೊಸದಲ್ಲ. ಅಚ್ಚುಕೂಟದವರಿಗೆ 'ಯೆಲ್ಲೋ' ಎಂದು ಹೇಳಿದರೆ ಅವರ ಯೆಲ್ಲೋ ಬರುತ್ತದೆ, ನಮ್ಮ ಅರಿಶಿನ ಬರುವುದಿಲ್ಲ. ಸಂಘದ ಹೆಸರನ್ನು ಮುಂದೆ ಹಚ್ಚಿದ ಒಂದು ಗುಂಪಿನಲ್ಲಿ ಅರಿಶಿನಕ್ಕೂ ಕುಂಕುಮಕ್ಕೂ ನಾಲ್ಕು ನಾಲ್ಕು ಅಂಕಿಗಳನ್ನು ಒಮ್ಮೆ ಗೊತ್ತುಮಾಡಿಟ್ಟರೆ ಮುಖಪುಟ, ಆಮಂತ್ರಣಪತ್ರ, ರಸೀದಿ ಪುಸ್ತಕ ಎಲ್ಲವೂ ಅಲ್ಲಿಂದಲೇ ಬಣ್ಣ ಪಡೆಯುತ್ತವೆ. ಅಂಕಿ ತಿದ್ದಿದರೆ ಎಲ್ಲ ಕಡೆಯೂ ಒಟ್ಟಿಗೇ ತಿದ್ದಿದಂತಾಗುತ್ತದೆ. ಇನ್ನು ಕಾಗದದ ಮಾತು ಬೇರೆ. ಅವೇ ನಾಲ್ಕು ಅಂಕಿಗಳು ನುಣುಪು ಕಾಗದದ ಮೇಲೆ ಹೊಳೆದರೆ, ಪತ್ರಿಕೆಯ ಒರಟು ಕಾಗದದ ಮೇಲೆ ಶಾಯಿ ಇಂಗಿ ಮಂಕಾಗುತ್ತವೆ. ಆದಕಾರಣ ಮಾದರಿ ಹಾಳೆಯನ್ನು ತರಿಸಿಕೊಂಡು, ಹಗಲ ಬೆಳಕಿನಲ್ಲಿ ಹಿಡಿದು ನೋಡಿ ಒಪ್ಪಿಗೆ ಕೊಡುವ ಹಳೆಯ ರೂಢಿಯನ್ನು ಬಿಡುವಂತಿಲ್ಲ.