ಬೀಳಗಿಯ ಅಮೀರಬಾಯಿ, ಮುಂಬೈಯ ‘ಕರ್ನಾಟಕಿ’

ಮಾರ್ಚ್ 3 ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕನ್ನಡ ಸಿನಿಮಾದ ಹುಟ್ಟುಹಬ್ಬದ ಪೋಸ್ಟರುಗಳು ಓಡಾಡುತ್ತವೆ. 1934ರ ಆ ದಿನ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡಿತು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಅವರ ಫೋಟೊಗಳನ್ನು ನಾವೂ ಫಾರ್ವರ್ಡ್ ಮಾಡುತ್ತೇವೆ. ಮಾಡಬೇಕಾದದ್ದೇ. ಆದರೆ ಅದೇ ಮಾರ್ಚ್ 3ರಂದು, 1965ರಲ್ಲಿ, ಮುಂಬೈಯಲ್ಲಿ ತೀರಿಕೊಂಡ ಬಾಗಲಕೋಟೆ ಕಡೆಯ ಒಬ್ಬ ಹೆಣ್ಣುಮಗಳ ಫೋಟೊ ಆ ಗುಂಪುಗಳಲ್ಲಿ ಕಾಣುವುದು ಅಪರೂಪ. ಅವರ ಹೆಸರು ಅಮೀರಬಾಯಿ. ಊರು ಬೀಳಗಿ. ಸಿನಿಮಾ ಜನ ಅವರನ್ನು ಕರೆಯುತ್ತಿದ್ದದ್ದು ಅಮೀರಬಾಯಿ ಕರ್ನಾಟಕಿ ಎಂದು.

ಈ ‘ಕರ್ನಾಟಕಿ’ ಎಂಬ ಹೆಸರನ್ನು ಸ್ವಲ್ಪ ಗಮನಿಸಿ. ಅವರು ಅದನ್ನು ಹೊತ್ತುಕೊಂಡು ಮುಂಬೈಯಲ್ಲಿ ಓಡಾಡುತ್ತಿದ್ದ ಕಾಲಕ್ಕೆ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ಬೀಳಗಿ ಇದ್ದದ್ದು ಬಿಜಾಪುರ ಜಿಲ್ಲೆಯಲ್ಲಿ, ಜಿಲ್ಲೆ ಇದ್ದದ್ದು ಬಾಂಬೆ ಪ್ರಾಂತ್ಯದಲ್ಲಿ. ಏಕೀಕರಣ ಆದದ್ದು 1956ರಲ್ಲಿ. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರಲ್ಲಿ, ಅಂದರೆ ಅಮೀರಬಾಯಿ ಮಣ್ಣಾಗಿ ಎಂಟು ವರ್ಷದ ಮೇಲೆ. ಹೋರಾಟಗಾರರು ಸಭೆಗಳಲ್ಲಿ ಹೇಳುತ್ತಿದ್ದ ಹೆಸರನ್ನು ಇವರು ಸಿನಿಮಾದ ಪರದೆಯ ಮೇಲೆ ಬರೆಸಿದ್ದರು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹುಟ್ಟಿದವರು. ಬಡ ಮುಸ್ಲಿಂ ಕುಟುಂಬ, ಮನೆಯಲ್ಲಿ ಹಾಡಿನ ವಾತಾವರಣ, ಐವರು ಅಕ್ಕತಂಗಿಯರು. ಅವರಲ್ಲಿ ಹೆಸರು ಮಾಡಿದವರು ಇಬ್ಬರು: ಅಕ್ಕ ಗೋಹರಬಾಯಿ ಮತ್ತು ಅಮೀರಬಾಯಿ.

ಆಗ ನಮ್ಮ ಕಡೆ ಕಂಪನಿ ನಾಟಕದ ಸುಗ್ಗಿ. ಶಿರಹಟ್ಟಿ ಕಂಪನಿ, ಕೊಣ್ಣೂರ ಕಂಪನಿ, ಗದಗಿನ ಗರೂಡ ಸದಾಶಿವರಾಯರ ಕಂಪನಿ, ಹೀಗೆ ಒಂದಲ್ಲ ಒಂದು ಟೆಂಟು ಯಾವುದೋ ಊರಲ್ಲಿ ಇದ್ದೇ ಇರುತ್ತಿತ್ತು. ಮರಾಠಿ ಕಂಪನಿಗಳೂ ಹುಬ್ಬಳ್ಳಿ, ಬಿಜಾಪುರಕ್ಕೆ ಬಂದು ಆಡಿ ಹೋಗುತ್ತಿದ್ದವು. ಈಗ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ನಿಲ್ಲುವ ನಾಟಕದ ಟೆಂಟುಗಳನ್ನು ನೋಡಿದ್ದೀರಲ್ಲ, ಅದೇ ಲೋಕ. ಮೈಕ್ ಇಲ್ಲದ ಕಾಲ. ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವನಿಗೂ ಹಾಡು ಕೇಳಬೇಕು. ಅದಕ್ಕೆ ಕಂಠ ಬೇಕಿತ್ತು, ಎದೆಯಲ್ಲಿ ಉಸಿರು ಬೇಕಿತ್ತು.

ಇನ್ನೊಂದು ಸಂಗತಿ. ಸ್ತ್ರೀಪಾತ್ರಗಳನ್ನು ಬಹುಕಾಲ ಗಂಡಸರೇ ಸೀರೆಯುಟ್ಟು ಮಾಡುತ್ತಿದ್ದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗ ಹತ್ತಬಾರದು ಎಂಬ ಕಟ್ಟಳೆ ಇತ್ತು. ಹತ್ತಿದವರು ಹೆಚ್ಚಾಗಿ ಹಾಡುವ, ಕುಣಿಯುವ ಮನೆತನಗಳಿಂದ ಬಂದವರು. ಹೆಸರಿನ ಕೊನೆಗೆ ‘ಬಾಯಿ’ ಸೇರಿದರೆ ಸಾಕು, ಜನ ಚಪ್ಪಾಳೆಯನ್ನೂ ಹೊಡೆಯುತ್ತಿದ್ದರು, ಬೆನ್ನ ಹಿಂದೆ ಆಡಿಯೂ ಕೊಳ್ಳುತ್ತಿದ್ದರು. ಗೋಹರ, ಅಮೀರ ಇಬ್ಬರೂ ಈ ಎರಡನ್ನೂ ಉಂಡವರು.

ಬಿಜಾಪುರ ಸೀಮೆಯವರಿಗೆ ಬೆಂಗಳೂರಿಗಿಂತ ಮುಂಬೈ ಹತ್ತಿರವಾಗಿತ್ತು. ಗದಗ–ಹೊಟಗಿ ರೈಲು ಹತ್ತಿದರೆ ಸೊಲ್ಲಾಪುರದ ಬಾಗಿಲಿಗೆ, ಅಲ್ಲಿಂದ ದೊಡ್ಡ ಗಾಡಿಯಲ್ಲಿ ನೇರ ಮುಂಬೈಗೆ. ಕಚೇರಿ, ವ್ಯಾಪಾರ, ನಾಟಕ ಎಲ್ಲದರ ಮುಖ ಅತ್ತಲೇ. ಅಕ್ಕ ಮೊದಲು ಹೋದರು, ತಂಗಿ ಹಿಂದೆ ಹೋದರು. ಅಮೀರಬಾಯಿಯ ದನಿ ಮೆಚ್ಚಿ ಎಚ್‌ಎಂವಿ ಕಂಪನಿಯವರು ಒಂದು ಕವ್ವಾಲಿ ಹಾಡಿಸಿದರು, ರೆಕಾರ್ಡು ಚೆನ್ನಾಗಿ ಓಡಿತು. 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಿಂದ ಸಿನಿಮಾ ನಟನೆ ಶುರುವಾಯಿತು.

ಟಾಕಿ ಹುಟ್ಟಿದ ಹೊಸತು ಅದು. ನಟಿಸುವವರೇ ಕ್ಯಾಮೆರಾ ಮುಂದೆ ನಿಂತು ಹಾಡಬೇಕು. ಆದ್ದರಿಂದ ಸಿನಿಮಾದವರು ಕಂಪನಿ ನಾಟಕದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಹಾಗಿದ್ದರೂ ಅಮೀರಬಾಯಿಗೆ ದೊಡ್ಡ ಪಾತ್ರಗಳು ಸುಲಭಕ್ಕೆ ಸಿಗಲಿಲ್ಲ. 1940ರ ‘ನರಸಿ ಭಗತ್’ ಸೇರಿದಂತೆ ಹತ್ತಾರು ಚಿತ್ರಗಳಲ್ಲಿ ಕಾಣಿಸಿಕೊಂಡರು. ಹತ್ತು ವರ್ಷ ಹೀಗೇ ಹೋಯಿತು.

ಅತ್ತ ಅಕ್ಕನ ಕಥೆಯೇ ಬೇರೆ. ಮರಾಠಿ ರಂಗಭೂಮಿಯ ದೊರೆ ಬಾಲಗಂಧರ್ವರ ಹಾಡುಗಳನ್ನು ಗ್ರಾಮೋಫೋನ್ ತಟ್ಟೆಯಲ್ಲಿ ಕೇಳಿ ಕೇಳಿ ಅದೇ ಧಾಟಿ ಒಲಿಸಿಕೊಂಡಿದ್ದ ಗೋಹರಬಾಯಿ, 1930ರ ದಶಕದ ಕೊನೆಗೆ ಅವರ ಕಂಪನಿಯನ್ನೇ ಸೇರಿ ನಾಯಕಿಯಾದರು. ಮುಂದೆ ಅವರ ಬಾಳಸಂಗಾತಿಯೂ ಆದರು. ಮರಾಠಿ ಪ್ರೇಕ್ಷಕರಲ್ಲಿ ಬಹಳ ಜನ ಅದನ್ನು ಒಪ್ಪಲಿಲ್ಲ. ಬಾಲಗಂಧರ್ವರ ವೈಭವ ಕುಸಿದದ್ದಕ್ಕೆಲ್ಲ ಆ ಕರ್ನಾಟಕದ ಹೆಂಗಸೇ ಕಾರಣ ಎಂದವರಿದ್ದಾರೆ. ಕಂಪನಿ ಸಾಲದಲ್ಲಿ ಮುಳುಗುತ್ತಿದ್ದದ್ದು ಗೋಹರ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಎಂಬುದನ್ನು ಹಾಗೆ ಹೇಳುವವರು ಮರೆಯುತ್ತಾರೆ.

ಅಮೀರಬಾಯಿಯ ಬಾಗಿಲು ತೆರೆದದ್ದು 1943ರ ‘ಕಿಸ್ಮತ್’. ಬಾಂಬೆ ಟಾಕೀಸ್ ಚಿತ್ರ, ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ಕಲ್ಕತ್ತೆಯ ರಾಕ್ಸಿ ಥೇಟರಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿತು. ನಾಯಕಿ ಮುಮ್ತಾಜ್ ಶಾಂತಿ. ಅವರದ್ದು ಕಾಲು ಊನವಾದ ರಂಗನಟಿಯ ಪಾತ್ರ. ಆ ಪಾತ್ರಕ್ಕೆ ದನಿ ಕೊಟ್ಟವರು ನಿಜವಾಗಿಯೂ ರಂಗಭೂಮಿಯಿಂದ ಬಂದಿದ್ದ ಅಮೀರಬಾಯಿ. ಅಷ್ಟು ಹೊತ್ತಿಗೆ ಒಬ್ಬರು ಹಾಡುವುದು, ಇನ್ನೊಬ್ಬರು ತುಟಿ ಆಡಿಸುವುದು ಶುರುವಾಗಿ ಏಳೆಂಟು ವರ್ಷವಾಗಿತ್ತು.

ಆ ಚಿತ್ರದಲ್ಲಿ ನಾಟಕದ ವೇದಿಕೆಯ ಮೇಲೆ ನಡೆಯುವ ಒಂದು ದೇಶಭಕ್ತಿಯ ಹಾಡಿದೆ. ಬರೆದವರು ಕವಿ ಪ್ರದೀಪ್, ಹಾಡಿದವರು ಅಮೀರಬಾಯಿ ಮತ್ತು ಖಾನ್ ಮಸ್ತಾನಾ. ಚಲೇಜಾವ್ ಚಳವಳಿ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ, ನಾಯಕರೆಲ್ಲ ಜೈಲಿನಲ್ಲಿ. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರು ಸೇರಿಸಿದ್ದರಿಂದ ಯುದ್ಧದಲ್ಲಿದ್ದ ಬ್ರಿಟಿಷ್ ಸರ್ಕಾರದ ಸೆನ್ಸಾರಿನಿಂದ ಪಾರಾಯಿತು. ಆದರೆ ಜನಕ್ಕೆ ಅರ್ಥವಾಗಬೇಕಾದದ್ದು ಅರ್ಥವಾಯಿತು. ಬಂಧನದ ಭಯಕ್ಕೆ ಪ್ರದೀಪ್ ಕೆಲಕಾಲ ತಲೆಮರೆಸಿಕೊಳ್ಳಬೇಕಾಯಿತು. ಆ ವರ್ಷ ದೇಶದ ಊರೂರಿನಲ್ಲಿ ಗುನುಗಿದ ಹಾಡಿನ ಹಿಂದೆ ಬೀಳಗಿಯ ಕಂಠವಿತ್ತು.

ಮರುವರ್ಷ ನೌಷಾದರ ‘ರತನ್’, ಆಮೇಲೆ ‘ಸಿಂದೂರ್’, ಸಿ. ರಾಮಚಂದ್ರರ ‘ಶೆಹನಾಯಿ’. 1943ರಿಂದ 47ರವರೆಗೆ ಅಮೀರಬಾಯಿಯ ಕಾಲ. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ತಾವೇ ಸಂಗೀತವನ್ನೂ ಕೊಟ್ಟರು. ಹೆಂಗಸೊಬ್ಬಳು ಸಂಗೀತ ನಿರ್ದೇಶನ ಮಾಡುವುದು ಇವತ್ತಿಗೂ ಸುದ್ದಿಯೇ. ‘ಕನ್ನಡ ಕೋಗಿಲೆ’ ಎಂಬ ಬಿರುದು ಹೊರಗಿನವರ ಬಾಯಲ್ಲೂ ಇತ್ತು.

ಮನೆಯೊಳಗೆ ಮಾತ್ರ ಬೇರೆಯದೇ ನಡೆಯುತ್ತಿತ್ತು. ಮೊದಲ ಗಂಡ ಹಿಮಾಲಯವಾಲಾ, ಖಳನ ಪಾತ್ರಗಳಿಗೆ ಹೆಸರಾದ ನಟ. ಆತ ಮನೆಯಲ್ಲೂ ಕೈಮಾಡುತ್ತಿದ್ದ. ದೇಶ ಯಾರ ದನಿಗೆ ತಲೆದೂಗುತ್ತಿತ್ತೋ ಆ ಹೆಂಗಸು ಸ್ವಂತ ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದರು. ಕೊನೆಗೆ ಆ ಮದುವೆಯಿಂದ ಬಿಡಿಸಿಕೊಂಡರು. ದೇಶ ವಿಭಜನೆಯಾದಾಗ ಆತ ಪಾಕಿಸ್ತಾನಕ್ಕೆ ಹೋದ. ನೂರ್‌ಜಹಾನ್, ಖುರ್ಷಿದ್‌ರಂಥ ದೊಡ್ಡ ಗಾಯಕಿ-ನಟಿಯರೂ ಅತ್ತ ಹೋದರು. ಅಮೀರಬಾಯಿ ಇಲ್ಲೇ ಉಳಿದರು. ಮುಂದೆ ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಎಂಬತ್ತು ವರ್ಷದ ಹಿಂದೆ ಸಿನಿಮಾ ನಟಿಯೊಬ್ಬಳು ಹೊಡೆಯುವ ಗಂಡನನ್ನು ಬಿಟ್ಟು ಹೊರಬಂದು, ಮತ್ತೆ ಮನೆ ಕಟ್ಟಿಕೊಂಡದ್ದು ಸಣ್ಣ ಮಾತಲ್ಲ. ಹಾಡಿಗಿಂತ ದೊಡ್ಡ ಸಾಹಸ ಇದು ಅಂತ ನನಗನಿಸುತ್ತದೆ.

ಹಾಡು ಕೈತಪ್ಪಿದ್ದು ಇದೇ ಹೊತ್ತಿಗೆ. ಮೈಕ್ ಸುಧಾರಿಸಿತ್ತು. ಪಿಸುಮಾತನ್ನೂ ಅದು ಹಿಡಿಯುತ್ತಿತ್ತು. ಟೆಂಟಿನ ಕೊನೆಯ ಸಾಲು ಮುಟ್ಟುವ ತುಂಬುದನಿ ಸ್ಟುಡಿಯೋಕ್ಕೆ ಬೇಡವಾಯಿತು, ತೆಳುವಾದ, ಎತ್ತರದ ದನಿ ಬೇಕಾಯಿತು. 1949ರಲ್ಲಿ ‘ಮಹಲ್’ ಬಂತು. ಲತಾ ಮಂಗೇಶ್ಕರ್ ಮನೆಮಾತಾದರು. ಅಮೀರಬಾಯಿ ಮತ್ತೆ ನಟನೆಗೆ ಮರಳಿದರು. ಪೋಷಕ ಪಾತ್ರಗಳು. ಮೊದಲು ಮಾಡುತ್ತಿದ್ದ ಕೆಲಸವೇ, ವಯಸ್ಸು ಮಾತ್ರ ಹೆಚ್ಚು.

ದುಡಿದದ್ದರಲ್ಲಿ ಒಂದು ಪಾಲು ಊರ ಕಡೆಗೆ ಬಂತು. ವಿಜಯಪುರದ ಅಮೀರ್ ಟಾಕೀಸ್ ಅವರದ್ದೇ ಹೆಸರಿನದು. ಆ ಸುತ್ತಿನ ಹಿರಿಯರನ್ನು ಕೇಳಿ, ಅಲ್ಲಿ ಯಾವ ಸಿನಿಮಾ ನೋಡಿದೆವು ಅಂತ ಹೇಳುತ್ತಾರೆ. ಅಮೀರ್ ಅಂದರೆ ಯಾರು ಅಂತ ಕೇಳಿ, ಯಾರೋ ಸಾಹುಕಾರ ಇರಬೇಕು ಅನ್ನುವವರೂ ಸಿಗುತ್ತಾರೆ.

ಗೋಹರಬಾಯಿ 1964ರಲ್ಲಿ ತೀರಿಕೊಂಡರು. ಮರುವರ್ಷ ಅಮೀರಬಾಯಿಗೆ ಲಕ್ವ ಹೊಡೆಯಿತು, ನಾಲ್ಕೇ ದಿನದಲ್ಲಿ ಹೋದರು. ದೇಹವನ್ನು ವಿಜಯಪುರಕ್ಕೆ ತಂದು ಮಣ್ಣು ಮಾಡಿದರು.

ರಹಮತ್ ತರೀಕೆರೆಯವರು ಅಮೀರಬಾಯಿಯ ಬದುಕಿನ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ತಾಲ್ಲೂಕು ಗ್ರಂಥಾಲಯದಲ್ಲಿ ವಿಚಾರಿಸಿ. ಅದಕ್ಕೂ ಮೊದಲು, ಕೈಯಲ್ಲಿ ಹೇಗೂ ಫೋನ್ ಇದೆ, ಯೂಟ್ಯೂಬಿನಲ್ಲಿ ‘ಅಮೀರಬಾಯಿ ಕರ್ನಾಟಕಿ ಕಿಸ್ಮತ್’ ಎಂದು ಹುಡುಕಿ. ಮೋಡವನ್ನು ಮೆಲ್ಲಗೆ ಬಾ ಎಂದು ಕರೆಯುವ ಹಾಡೊಂದಿದೆ. ಎರಡು ಬಗೆಯಲ್ಲಿ ಸಿಗುತ್ತದೆ: ಒಂದು ಅರುಣ್ ಕುಮಾರ್ ಜೊತೆ, ಇನ್ನೊಂದು ಅಮೀರಬಾಯಿ ಒಬ್ಬರೇ ಹಾಡಿದ್ದು. ಒಬ್ಬರೇ ಹಾಡಿದ್ದನ್ನು ಮೊದಲು ಕೇಳಿ.